ಚಿಕ್ಕಮ್ಮನ ದನಿ

ಮೊನ್ನೆ ಸುರಭಿ ಫೋನ್ ಮಾಡಿ, ಪುಣೆಯ ವಿಮಾನ ನಗರಕ್ಕೆ ಸಿನಿಮಾ ನೋಡಲು ಬರುತ್ತೀಯಾ ಎಂದು ಕೇಳಿದಾಗ, "ನೋಡುವ, ನೀವು ಚಿಂತೆ ಮಾಡ್ಬೇಡಿ" ಎಂದುಬಿಟ್ಟೆ. ಕಾಲೇಜಿನ ಗೆಳತಿಗೆ 'ನೀವು'! ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಆ ಮಾತು ನನ್ನದಲ್ಲ, ಚಿಕ್ಕಮ್ಮನದು. ಹೀಗೇ ಆದರೆ ಒಂದು ದಿನ ಎಲ್ಲರೆದುರು ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆ ಶುರುವಾಯಿತು.

ಚಿಕ್ಕಮ್ಮ ಎಂದರೆ ಶಾಸಕಿ ಲೀಲಾಕ್ಷಿ, ನನ್ನ ಅಮ್ಮನ ಖಾಸಾ ತಂಗಿ. ಉಡುಪಿ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದು, ಚಿಕ್ಕಪ್ಪ ಮೋಹನದಾಸರ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವರು. ವಾರ್ಡು ಮಹಿಳೆಯರಿಗೆ ಮೀಸಲಾದಾಗ ಚಿಕ್ಕಪ್ಪ, "ಹೆಸರು ನಿನ್ನದು, ಕೆಲಸ ನನ್ನದು" ಎಂದು ಚುನಾವಣೆಗೆ ನಿಲ್ಲಿಸಿದರಂತೆ. ಗೆದ್ದ ಮೇಲೆ ಚಿಕ್ಕಮ್ಮ ಕೆಲಸವನ್ನೂ ತಾವೇ ಇಟ್ಟುಕೊಂಡರು. ಮೇಯರ್ ಆದಾಗಲೂ ಬೆಳಿಗ್ಗೆ ಹೋಟೆಲಿನ ಮೂಲೆ ಟೇಬಲಿನಲ್ಲಿ ಕೂತು, ಚರಂಡಿ, ನಲ್ಲಿ, ಬೀದಿದೀಪ ಎಂದು ಬಂದವರಿಗೆಲ್ಲ ತಮ್ಮ ಸ್ವಂತ ನಂಬರು ಕೊಡುತ್ತಿದ್ದರು. ಆ ನಂಬರೇ ಅವರನ್ನು ವಿಧಾನಸಭೆಗೆ ಕಳಿಸಿತು ಎನ್ನುತ್ತಾರೆ ಜನ.

ಮುಂಬಯಿ ಓಡಾಟ ಶುರುವಾದ ಮೇಲೆ ಆ ಫೋನು ಮನೆಯಲ್ಲೇ ಉಳಿಯಿತು. ಬಿ.ಎ. ಮುಗಿಸಿ ಕೆಲಸ ಹುಡುಕುತ್ತ ಅವರ ಮನೆಯಲ್ಲಿದ್ದ ನನ್ನ ಕೈಗೆ ಬಂತು. "ಯಾರು, ಎಂತ ಅಂತ ಕೇಳಿ ನನಗೆ ಹೇಳು, ಸಾಕು" ಎಂದಿದ್ದರು ಚಿಕ್ಕಮ್ಮ. ಆದರೆ ನನ್ನ ದನಿ ಥೇಟ್ ಅವರದೇ. ಮೊದಲ ದಿನವೇ ಯಾರೋ "ಲೀಲಾಕ್ಷಿ ಅಕ್ಕಾ" ಎಂದು ಗೋಳು ತೋಡಿಕೊಳ್ಳತೊಡಗಿದರು. ನಡುವೆ ತಡೆದು 'ನಾನು ಅವರಲ್ಲ' ಎನ್ನಲು ನಾಲಿಗೆ ಏಳಲಿಲ್ಲ; ಹೂಂ, ಹೂಂ ಎಂದೆ. ಪಕ್ಕದಲ್ಲಿದ್ದ ಚಿಕ್ಕಪ್ಪನಿಗೆ ಖುಷಿಯೋ ಖುಷಿ. "ಹಾಗೇ ಮಾತಾಡು ಮಾರಾಯ್ತಿ! ಶಾಸಕಿ ಆದ್ರೂ ಫೋನ್ ತಾನೇ ಎತ್ತುತ್ತಾಳೆ ಅಂತ ಜನ ಕುಣೀತಾರೆ. ಅವಳಿಗೆ ಮಾತ್ರ ಹೇಳ್ಬೇಡ, ಬೈತಾಳೆ."

ಸುಳ್ಳೇಕೆ, ನನಗೂ ಹಿತವೆನಿಸಿತ್ತು. ಮದುವೆ ಮನೆಯಲ್ಲಿ ಇನ್ನೊಂದು ಲೋಟ ನೀರು ಕೇಳಲೂ ನಾಚುವವಳು ನಾನು. ನನ್ನ ಒಂದು ಮಾತಿಗೆ ಆ ತುದಿಯಲ್ಲಿ ಯಾರೋ ಸಮಾಧಾನದ ಉಸಿರು ಬಿಡುತ್ತಿದ್ದರು.

ಹೀಗೇ ಒಮ್ಮೆ ಚನ್ನಬಸವ್ವ ಫೋನ್ ಮಾಡಿದರು. ಸ್ವಾರಗೇಟ ಬಸ್ ನಿಲ್ದಾಣದ ಹತ್ತಿರ ಕೈಗಾಡಿಯಲ್ಲಿ ಜೋಳದ ರೊಟ್ಟಿ ಮಾರುವ ವಯಸ್ಸಾದ ಹೆಂಗಸು. ಮಗಳ ಹೆರಿಗೆಗೆ ವಿಜಯಪುರಕ್ಕೆ ಹೋಗಬೇಕು, ಆದರೆ ಪಾಲಿಕೆಯವರು ರಸ್ತೆಬದಿಯ ಗಾಡಿಗಳನ್ನು ಎತ್ತುತ್ತಾರೆಂಬ ಸುದ್ದಿ ಇದೆ, ಬಿಟ್ಟುಹೋಗಲು ಧೈರ್ಯವಿಲ್ಲ ಎಂದರು. "ನೀವು ಹೋಗಿ ಬನ್ನಿ. ಗಾಡಿಗೆ ಏನೂ ಆಗುದಿಲ್ಲ, ನಾನಿದ್ದೇನೆ" ಎಂದೆ. ಕೂಡಲೇ ಚಿಕ್ಕಮ್ಮನಿಗೆ ತಿಳಿಸಬೇಕಿತ್ತು. ತಿಳಿಸಿದರೆ, ಮಾತು ಕೊಟ್ಟವರು ಯಾರು ಎಂದು ಕೇಳುತ್ತಿದ್ದರು. ನಾಳೆ ಹೇಳುವ, ನಾಳೆ ಹೇಳುವ ಎಂದು ಸುಮ್ಮನಿದ್ದೆ. ಇದ್ದಬದ್ದದ್ದನ್ನೆಲ್ಲ ಡೈರಿಗೆ ಸುರಿಯುವವಳು ಅಲ್ಲೂ ಅದನ್ನು ಬರೆಯಲಿಲ್ಲ. ಅಷ್ಟರಲ್ಲಿ ಗಾಡಿಗಳನ್ನು ಎತ್ತಿಕೊಂಡು ಹೋದರು.

ಈ ಭಾನುವಾರ ಚಿಕ್ಕಮ್ಮ ಬಹಳ ದಿನಗಳ ಮೇಲೆ ಮೂಲೆ ಟೇಬಲಿನಲ್ಲಿ ಕೂತಿದ್ದರು. ಸುತ್ತ ಪಕ್ಷದವರು, ಬನ್ಸು, ಚಹಾ. ನಾನು ಫೋನು ಹಿಡಿದು ಹಿಂದೆ ನಿಂತಿದ್ದೆ. ಚನ್ನಬಸವ್ವ ಒಳಗೆ ಬಂದರು.

"ಅಕ್ಕಾರ, ನನ್ನ ಗಾಡಿ ಹೋತ್ರಿ."

"ಅಯ್ಯೋ! ಮೊದಲೇ ನನಗೊಂದು ಮಾತು ಹೇಳ್ಬಾರ್ದಾ ಚನ್ನಬಸವ್ವ?"

"ಹೇಳಿದ್ನೆಲ್ರಿ! ಹೋಗಿ ಬರ್ರಿ, ನಾ ಅದೀನಿ ಅಂತ ನೀವಽ ಅಂದ್ರಿ. ನಿಮ್ಮ ಮಾತು ನಂಬಿ ಗಾಡಿ ಬಿಟ್ಟು ಹೋದ್ನಿ."

"ನಾನಾ? ಇಲ್ಲ ಮಾರಾಯ್ತಿ."

ಪಕ್ಷದ ಕೆಲಸ ನೋಡಿಕೊಳ್ಳುವ ರಿತೇಶ್ ಬನ್ಸು ಅಗಿಯುತ್ತ, "ಕನಸಿನಲ್ಲಿ ಫೋನ್ ಬಂದದ್ದಾ ಅಜ್ಜಿ? ಬಿಲ್ಲು ಯಾರು ಕಟ್ಟಿದ್ದು?" ಎಂದ. ಎಲ್ಲರೂ ನಕ್ಕರು. ಚಿಕ್ಕಪ್ಪನೂ ನಗುತ್ತ ನನ್ನತ್ತ ನೋಡಿ ಕಣ್ಣಲ್ಲೇ ಸುಮ್ಮನಿರಿಸಿದರು.

"ಈ ದನಿ ನನಗ ಗೊತ್ತಿಲ್ಲೇನ್ರಿ? ನೀವು ಮೇಯರ್ ಇದ್ದಾಗ ದಿನಾ ಇದಽ ಟೇಬಲ್ಲಿಗೆ ರೊಟ್ಟಿ ತಂದು ಕೊಡ್ತಿದ್ದೆ."

ಚಿಕ್ಕಮ್ಮನ ಮುಖ ಸಣ್ಣದಾಯಿತು. "ಹೇಳಿದ್ರೆ ಹೇಳಿದೆ ಅಂತಲೇ ಒಪ್ಪುತ್ತಿದ್ದೆ ಚನ್ನಬಸವ್ವ. ನಾನು ಹೇಳ್ಲಿಲ್ಲ."

ಚನ್ನಬಸವ್ವ ನಗುವ ಮುಖಗಳನ್ನು ಒಂದು ಸುತ್ತು ನೋಡಿ ಸೆರಗು ಎಳೆದುಕೊಂಡರು. "ಹಂಗಾದ್ರ ನಂದಽ ತಪ್ಪಿರಬೇಕು ಬಿಡ್ರಿ. ವಯಸ್ಸಾತು, ಕಿವಿ ಸುದ್ದ ಇಲ್ಲ." ಬಾಗಿಲ ಕಡೆ ತಿರುಗಿದರು.

ಗಾಡಿ ಹೋಗಿದೆ, ಈಗ ತಮ್ಮ ಕಿವಿಯ ಮೇಲಿನ ನಂಬಿಕೆಯನ್ನೂ ಇಲ್ಲಿ ಬಿಟ್ಟು ಹೊರಟಿದ್ದರು.

"ನಿಲ್ಲಿ ಚನ್ನಬಸವ್ವ."

ಆಕೆ ತಿರುಗಿ ನೋಡಿದ್ದು ಚಿಕ್ಕಮ್ಮನ ಮುಖವನ್ನು. ಚಿಕ್ಕಮ್ಮ ತುಟಿಯನ್ನೇ ತೆರೆದಿರಲಿಲ್ಲ. ಅವರೂ ಮೆಲ್ಲಗೆ ಹಿಂತಿರುಗಿ ನನ್ನನ್ನು ನೋಡಿದರು.

"ದೀಕ್ಷಿತಾ, ಒಳಗೆ ಹೋಗಿ ಚಟ್ನಿ ತಾ" ಎಂದರು ಚಿಕ್ಕಪ್ಪ.

ನಾನು ಹೋಗಲಿಲ್ಲ.

"ನಿಮ್ಮ ಕಿವಿ ಸರಿಯಾಗೇ ಉಂಟು" ಎಂದೆ. "ಅವತ್ತು ಫೋನಿನಲ್ಲಿ ಮಾತು ಕೊಟ್ಟದ್ದು ನಾನು."