ಹೋಯ್ ಆನ್‌ನಲ್ಲಿ ಹೊತ್ತು ಮುಳುಗುವ ಮುನ್ನ

ನಾನು ಒಬ್ಬಳೇ ಬಾಳುತ್ತೇನೆ ಎಂದರೆ ನಮ್ಮಣ್ಣ ಉತ್ತಮನಿಗೆ ಸುತರಾಂ ಆಗುವುದಿಲ್ಲ. ಖಾನಾಪುರದ ಸಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ಹೋದ ವರ್ಷ ನಿವೃತ್ತಳಾದೆ. ಮದುವೆ ಆಗಲಿಲ್ಲ, ಆಗಬೇಕು ಅನಿಸಲೂ ಇಲ್ಲ. ಅಷ್ಟೂ ವರ್ಷ ಬೆಳಗಾವಿಯ ಶಿವಬಸವ ನಗರದಲ್ಲಿ ಅಣ್ಣನ ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿದೆ. ಖಾನಾಪುರದಲ್ಲಿ ನಾನೇ ಕಟ್ಟಿಸಿದ ಎರಡು ಕೋಣೆಯ ಮನೆಯಿದೆ. ಇನ್ನು ಅಲ್ಲೇ ಇರುತ್ತೇನೆ ಎಂದ ದಿನ ಅಣ್ಣನ ಮುಖ ಕುಂಬಳಕಾಯಿಯಷ್ಟು ಊದಿತು.

“ನಮ್ಮದು ಜೈನರ ಮನಿ, ಶಾಂತಾ. ನಾಕು ಮಂದಿ ನಡುವ ಇದ್ರ ನೇಮ ಉಳೀತೈತಿ. ಒಬ್ಬಾಕಿ ಇದ್ರ ಇವತ್ತು ಸಡ್ಲ ಆಗತೈತಿ, ನಾಳಿ ಪೂರಾ ಬಿಟ್ಟು ಹೋಗತೈತಿ.”

ನೇಮ ಅಂದರೆ ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು. ಹದಿನಾರನೇ ವಯಸ್ಸಿನಲ್ಲಿ ಮುನಿಗಳ ಎದುರು ಕೈಮುಗಿದು ಹಿಡಿದದ್ದು. ನಲವತ್ತನಾಲ್ಕು ವರ್ಷದಲ್ಲಿ, ಜ್ವರ ಬಂದಾಗಲೂ, ಒಮ್ಮೆಯೂ ತಪ್ಪಿಸಿರಲಿಲ್ಲ. ಅಂಥವಳಿಗೆ ಈ ಮಾತು! ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

“ಖಾನಾಪುರ ಹಾಳಾಗ್ಲಿ, ಪರದೇಶದಾಗ ಎಂಟು ದಿನ ಒಬ್ಬಾಕಿನ ಇದ್ದು ತೋರಸ್ತೀನಿ. ನೇಮ ಮುರೀಲಿಲ್ಲಂದ್ರ ಆ ಮನೀ ಮಾತಿಗೆ ನೀ ಬರಬಾರ್ದು.”

“ಮುರದ್ರ?”

“ಮುರದ್ರ ಸಾಯೂತನಕ ನಿನ್ನ ಮನ್ಯಾಗ ಇರ್ತೀನಿ.”

ಆಡಿದ ಮಾತು, ಒಡೆದ ಮುತ್ತು. ಅಣ್ಣನ ಮಗ ವಿಪುಲ ನಗುನಗುತ್ತಲೇ ಟಿಕೆಟ್ ತೆಗೆಸಿದ. ಊರು ಆರಿಸಿದ್ದು ಮಾತ್ರ ನಾನು. ವಿಯೆಟ್ನಾಮಿನ ಹೋಯ್ ಆನ್, ಹಳೆಯ ಕಾಲದ ಬಂದರು. ನಕಾಶೆಯ ಮೇಲೆ ಬೆರಳಿಟ್ಟು ಬೆಳಗಾವಿಯಿಂದ ನೆಟ್ಟಗೆ ಪೂರ್ವಕ್ಕೆ ಎಳೆದರೆ ಅದೇ ಸಿಗುತ್ತದೆ, ಅಕ್ಷಾಂಶ ಹೆಚ್ಚುಕಡಿಮೆ ಒಂದೇ. ಹಾಗಾದರೆ ಹೊತ್ತು ಮುಳುಗುವುದೂ ಗಡಿಯಾರದಲ್ಲಿ ಅಷ್ಟಕ್ಕೇ ಎಂದು ಲೆಕ್ಕ ಹಾಕಿ, ಬೆಳಗಾವಿಯ ಸೂರ್ಯಾಸ್ತದ ವೇಳೆ ಅಚ್ಚಾಗಿದ್ದ ಸಣ್ಣ ಕ್ಯಾಲೆಂಡರನ್ನು ಚೀಲಕ್ಕೆ ಹಾಕಿಕೊಂಡೆ. ಜನವರಿ ನಡುವಿಗೆ ಆರೂ ಇಪ್ಪತ್ತು.

ಸಾಂಬ್ರಾದಲ್ಲಿ ವಿಮಾನ ಹತ್ತಿ, ಎರಡು ಕಡೆ ಬದಲಿಸಿ, ಕೊನೆಗೆ ಕಾರಿನಲ್ಲಿ ಹೋಯ್ ಆನ್ ತಲುಪಿದಾಗ ಅಲ್ಲಿ ಜಿಟಿಜಿಟಿ ಮಳೆ. ನದಿಯ ದಂಡೆಗೆ ಹಳದಿ ಗೋಡೆಯ ಮನೆ, ಮೇಲೆ ನನ್ನ ಕೋಣೆ. ಮನೆಯೊಡತಿ ಹ್ವಾ ಎಪ್ಪತ್ತರ ಮುದುಕಿ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮನೆ ನಡೆಸುತ್ತಾಳೆ. ಫೋನಿನ ಅನುವಾದದಲ್ಲೇ ನಮ್ಮ ಮಾತುಕತೆ. ಪುಣ್ಯಕ್ಕೆ ಅಲ್ಲಿನ ಬೌದ್ಧರಿಗೂ ತಿಂಗಳಲ್ಲಿ ಕೆಲವು ದಿನ ಮಾಂಸ, ಮೀನು, ಉಳ್ಳಾಗಡ್ಡಿ ಎಲ್ಲ ವರ್ಜ್ಯವಂತೆ. ಗಡ್ಡೆ-ಗೆಣಸು ಬೇಡ ಎಂದಾಗ ಮಾತ್ರ ಹುಬ್ಬೇರಿಸಿದಳು. ಅನ್ನ, ಸೊಪ್ಪು, ಬಾಳೆಹೂವಿನ ಪಲ್ಯ ಮಾಡಿಕೊಟ್ಟಳು. ನಾನು ಒಯ್ದಿದ್ದ ಶೇಂಗಾ ಚಟ್ನಿಯನ್ನು ನೆಕ್ಕಿ, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಕೇಳಿದಳು.

ಆಹಾ, ಏನು ದಿನಗಳವು! ಬೆಳಿಗ್ಗೆ ಯಾರಿಗೂ ಡಬ್ಬಿ ಕಟ್ಟುವುದಿಲ್ಲ, ಯಾವ ಬಸ್ಸೂ ತಪ್ಪುವುದಿಲ್ಲ. ಬೆಳಗಿನ ಧ್ಯಾನ, ಸಾಮಾಯಿಕ ಮುಗಿಸಿ ಕಿಟಕಿಯಲ್ಲಿ ಕುಳಿತರೆ ದೋಣಿಗಳನ್ನು ನೋಡುತ್ತ ಹತ್ತು ಗಂಟೆ. ಆಮೇಲೆ ಛತ್ರಿ ಹಿಡಿದು ಹಳೆಯ ಓಣಿಗಳಲ್ಲಿ ಸುಮ್ಮನೆ ನಡೆಯುವುದು. ನಾನೂರು ವರ್ಷದ ಹಿಂದೆ ಜಪಾನಿಗಳೂ ಚೀನಿಯರೂ ವ್ಯಾಪಾರಕ್ಕೆ ಬಂದು ನೆಲೆಸಿದ್ದ ಮರದ ಮನೆಗಳು. ಅವುಗಳ ಮುಂದೆ ಹೊಸ ಮದುವೆಯ ಜೋಡಿಗಳು ಫೋಟೋಕ್ಕೆ ನಿಂತು ದಾರಿಯೇ ಬಿಡುವುದಿಲ್ಲ. ಒಂದು ದಿನ ಸೈಕಲ್ ರಿಕ್ಷಾದಲ್ಲಿ ಸಮುದ್ರಕ್ಕೆ ಹೋಗಿ, ಸೀರೆ ಮೊಳಕಾಲಿಗೆ ಎತ್ತಿ ನೀರಿಗಿಳಿದೆ. ಅರವತ್ತು ವರ್ಷದಲ್ಲಿ ಮೊದಲ ಸಲ, ಏನು ಮಾಡುತ್ತೀ ಎಂದು ಕೇಳುವವರಿಲ್ಲದೆ. ನನಗೆ ನಾಚಿಕೆಯೂ ಆಗಲಿಲ್ಲ.

ಸಂಜೆ ಐದೂ ಮುಕ್ಕಾಲಿಗೆ ಊಟಕ್ಕೆ ಕೂತು ಆರೂ ಹತ್ತಕ್ಕೆ ಕೈ ತೊಳೆಯುತ್ತಿದ್ದೆ. ಮೋಡ ಕವಿದು ಮಧ್ಯಾಹ್ನ ಮೂರಕ್ಕೇ ಬೀದಿಯಲ್ಲಿ ಬಣ್ಣದ ಕಂದೀಲು ಹೊತ್ತಿಸುತ್ತಿದ್ದರು. ಕತ್ತಲು ಮೋಡದ್ದೆಂದೇ ತಿಳಿದೆ. ದಿನಾ ಬೆಳಿಗ್ಗೆ ಅಣ್ಣನಿಗೆ ಫೋನು. ಅವನು “ನೇಮ?” ಅನ್ನುವುದು, ನಾನು “ಆತು” ಅನ್ನುವುದು. ಹೀಗೆ ನಾಲ್ಕು ದಿನ.

ಐದನೆಯ ಸಂಜೆ ಮೋಡ ಹರಿಯಿತು. ಹ್ವಾ ಅಂದು ಸ್ವಲ್ಪ ಮೊದಲೇ ನದಿಯ ಕಡೆಗೇ ಮೇಜು ಹಾಕಿ ಬಡಿಸಿದಳು. ಕ್ಯಾಲೆಂಡರಿನ ಪ್ರಕಾರ ಇನ್ನೂ ಮುಕ್ಕಾಲು ತಾಸು ಇತ್ತು. ನಾನು ನೋಡುತ್ತಿದ್ದಂತೆಯೇ ಸೂರ್ಯ ನದಿಯ ಆಚೆಯ ಮರಗಳ ಹಿಂದೆ ಇಳಿದ. ಪೂರ್ತಿ ಇಳಿದ. ಗಡಿಯಾರ ನೋಡಿದರೆ ಐದೂ ಮೂವತ್ತಾರು.

ತುತ್ತು ಕಲೆಸಿದ ಕೈ ಹಾಗೇ ನಿಂತಿತು. ಭಾರತಕ್ಕೆಲ್ಲ ಒಂದೇ ಗಡಿಯಾರ, ಬೆಳಗಾವಿ ಪಶ್ಚಿಮದ ಅಂಚಿನಲ್ಲಿದೆ, ಆದ್ದರಿಂದ ನಮ್ಮಲ್ಲಿ ಹೊತ್ತು ತಡವಾಗಿ ಮುಳುಗುತ್ತದೆ. ಇದೇ ಪಾಠವನ್ನು ಮೂವತ್ತೊಂದು ವರ್ಷ ಹೇಳಿದ್ದೇನೆ, ತಪ್ಪು ಬರೆದವರ ಕಿವಿ ಹಿಂಡಿದ್ದೇನೆ! ನಾಲ್ಕು ದಿನವೂ ನಾನು ಉಂಡದ್ದು ಹೊತ್ತು ಮುಳುಗಿದ ಮೇಲೆ.

“ರುಚಿ ಕೆಟ್ಟಿದೆಯೇ?” ಎಂದು ಹ್ವಾ ಗಾಬರಿಯಾದಳು. ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ತಾಟು ಮುಚ್ಚಿಟ್ಟು ನನ್ನ ಬಾಜೂಕೆ ಕುಳಿತಳು. ಫೋನು ತನ್ನ ಕಡೆ ಎಳೆದುಕೊಂಡು ಕೇಳಿದಳು: “ನಿನ್ನ ಅಣ್ಣನಿಗೆ ಇದು ತಿಳಿಯುತ್ತದೆಯೇ?”

ತಿಳಿಯುವುದಿಲ್ಲ. ಅದೇ ತ್ರಾಸು. “ಆತು” ಅಂದರೆ ಖಾನಾಪುರದ ಮನೆ ನನ್ನದು. ಖರೇ ಹೇಳಿದರೆ ಸಾಯುವತನಕ ಅಣ್ಣನ ಮನೆಯ ಹಿಂದಿನ ಕೋಣೆ. ಆ ಎರಡು ಕೋಣೆಯ ಮನೆ ನನಗೆ ಬೇಕಾಗಿತ್ತು, ಬಹಳ ಬೇಕಾಗಿತ್ತು. ಬೆಳಗಿನವರೆಗೆ ಯೋಚಿಸಿದೆ. ಇಲ್ಲಿ ಸುಳ್ಳು ಹೇಳಿ ಅಲ್ಲಿ ಒಬ್ಬಳೇ ಕೂತು ಯಾವ ಮುಖದಲ್ಲಿ ಣಮೋಕಾರ ಮಂತ್ರ ಹೇಳಲಿ?

“ನೇಮ?” ಎಂದ ಅಣ್ಣ, ಎಂದಿನಂತೆ.

“ಮುರದೈತಿ ಅಣ್ಣಾ. ನಾಕು ದಿನ.” ಲೆಕ್ಕ ತಪ್ಪಿದ್ದನ್ನೆಲ್ಲ ಹೇಳಿದೆ. “ನಾಕು ದಿನಕ್ಕ ನಾಕು ದಿನ ಒಪ್ಪೊತ್ತು ಮಾಡ್ತೀನಿ. ಮಾತು ಕೊಟ್ಟೀನಿ, ನಿನ್ನ ಮನ್ಯಾಗ ಇರ್ತೀನಿ.”

ಅವನು ಬೈಯುತ್ತಾನೆಂದು ಕಾದೆ.

“ನೀ ಗೊತ್ತಿಲ್ದ ಉಂಡೀದಿ,” ಎಂದ. “ನಾ ಗೊತ್ತಿದ್ದು ಉಣ್ಣಾಕತ್ತೀನಿ. ನೀ ಹೋದಾಗಿಂದ ದಿನಾ ಏಳೂವರಿ ಆಗೇತಿ. ನೀ ಇದ್ರ ಐದಕ್ಕ ಅಂಗಡಿಗೆ ಫೋನ್ ಮಾಡಿ ‘ಏಳು, ಹೊತ್ತಾತು’ ಅಂತಿದ್ದಿ. ಈಗ ಯಾರೂ ಅನ್ನೂದಿಲ್ಲ.”

ಅವನ ಬಟ್ಟೆ ಅಂಗಡಿಯಲ್ಲಿ ಸಂಜೆಯೇ ಗಿರಾಕಿ ಜಾಸ್ತಿ. ಇಷ್ಟು ವರ್ಷ ಅವನನ್ನು ಗಾದಿಯಿಂದ ಎಬ್ಬಿಸಿದ್ದು ನಾನೇ ಎಂಬುದು ನಿಜ. ಅದಕ್ಕೇ ನನ್ನನ್ನು ಬಿಡಲೊಲ್ಲ! ಸಿಟ್ಟು ಬಂತು, ಹಿಂದೆಯೇ ಅವನ ಮೇಲೆ ಕನಿಕರವೂ ಬಂತು.

“ಅಣ್ಣಾ, ಹಂಗಾದ್ರ ಇಷ್ಟು ವರ್ಷ ನಿನ್ನ ನೇಮ ಉಳಸಿದವರು ಯಾರು, ನೀನೋ ನಾನೋ?”

ಅಷ್ಟು ಕೇಳಿ ನಾನೇ ಫೋನು ಇಟ್ಟೆ.

ಆ ದಿನ ನಡುಮಧ್ಯಾಹ್ನ ಒಂದೇ ಊಟ ಮಾಡಿ ನದಿಯ ದಂಡೆಗೆ ಕುಳಿತೆ. ಆರೂವರೆಗೆ, ಅಂದರೆ ಬೆಳಗಾವಿಯ ಐದಕ್ಕೆ, ಕೈ ತಾನಾಗಿ ಫೋನಿಗೆ ಹೋಯಿತು. ಅಂಗಡಿಯ ನಂಬರು ತೆಗೆದೆ. ಒತ್ತಲಿಲ್ಲ. ಒತ್ತದೆ ಕೂರುವುದು ಊಟ ಬಿಡುವುದಕ್ಕಿಂತ ಕಷ್ಟವಾಯಿತು.

ಒಂದು ತಾಸಿನ ಮೇಲೆ ಅಣ್ಣನ ಮೆಸೇಜು ಬಂತು. ಮೆಸೇಜು ಬರೆಯುವ ಮನುಷ್ಯನೇ ಅಲ್ಲ ಅವನು.

“ಹೊತ್ತು ಮುಳುಗೂ ಮೊದಲ ಉಂಡೀನಿ. ಯಾರೂ ಕರದಿಲ್ಲ, ನಾನ ಎದ್ದು ಬಂದೀನಿ. ನಾಳಿ ಖಾನಾಪುರಕ್ಕ ಹೋಗಿ ನಿನ್ನ ಮನೀಗೆ ಸುಣ್ಣ ಹಚ್ಚಾಕ ಹೇಳಿ ಬರ್ತೀನಿ.”