ಆರು ಗಂಟೆಯ ಮಿಸ್ಡ್ ಕಾಲ್

ಸಂತೆಕಟ್ಟೆಯ ಮೀನು ಮಾರ್ಕೆಟಿನ ಹಿಂದೆ, ಮೀನು ಮಾರುವ ಪುಷ್ಪಾವತಿಯ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದಳು ಕಟ್ಟಡ ಕೂಲಿಗಳ ಸಂಘದ ನಾಗವೇಣಿ. ಆ ಶನಿವಾರ ಸಂಜೆ ಐದೂವರೆಗೆ ಅವಳ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎ.ಎಸ್.ಐ. ಗುಣಪಾಲ ಬಂದು ಕೂತರು. ಬಂದದ್ದು ಇಲಾಖೆಯ ಜೀಪಿನಲ್ಲಲ್ಲ, ಕಂಟ್ರಾಕ್ಟರನ ಬಿಳಿ ಜೀಪಿನಲ್ಲಿ. ಅದನ್ನು ಅವಳು ಕಿಟಕಿಯಿಂದಲೇ ಕಂಡಿದ್ದಳು.

ಹದಿನೈದು ದಿನಗಳ ಹಿಂದೆ ಮಣಿಪಾಲದ ಕಟ್ಟಡವೊಂದರ ಏಳನೇ ಮಹಡಿಯಿಂದ ಸಂಘದ ಕೂಲಿ ಮಲ್ಲಿನಾಥ ಬಿದ್ದು ಸತ್ತಿದ್ದ. ಕುಡಿದು ಬಿದ್ದ ಎಂದು ಕಂಟ್ರಾಕ್ಟರ ಕೈತೊಳೆದುಕೊಂಡ. ಹಗ್ಗ ಕೊಳೆತಿತ್ತು, ಬೆಲ್ಟು ಕೊಟ್ಟಿರಲಿಲ್ಲ ಎಂದು ಹೇಳಬಲ್ಲವನು, ಪಕ್ಕದಲ್ಲೇ ನಿಂತು ಕಣ್ಣಾರೆ ಕಂಡ ಕರಿಬಸವ ಒಬ್ಬನೇ. ಸೋಮವಾರ ಶಿರ್ವದ ವಕೀಲ ವಲೇರಿಯನ್ ಅವನನ್ನು ಉಡುಪಿ ಕೋರ್ಟಿಗೆ ಕರೆದೊಯ್ದು ಹೇಳಿಕೆ ಕೊಡಿಸುವವರಿದ್ದರು. ಅಲ್ಲಿಯವರೆಗೆ ನಾಗವೇಣಿ ಅವನನ್ನು ಕಾರ್ಕಳದ ಕಲ್ಲುಕೋರೆಯ ಶೆಡ್ಡಿನಲ್ಲಿ ಬಚ್ಚಿಟ್ಟಿದ್ದಳು. ಕಂಟ್ರಾಕ್ಟರನ ಕೈಗೆ ಸಿಕ್ಕರೆ ಅವನನ್ನು ಬಸ್ಸಿಗೆ ಹತ್ತಿಸಿ ಅವನ ಊರು ಗಜೇಂದ್ರಗಡಕ್ಕೆ ಅಟ್ಟುತ್ತಾರೆ, ಅದೂ ಅವನ ಹಣೆಬರಹ ಚೆನ್ನಾಗಿದ್ದರೆ.

"ನಿಮ್ಮ ಮೊಬೈಲಿನ ಸಿಮ್ಮು ಈ ಮನೆಯವರ ಹೆಸರಲ್ಲಿ ಉಂಟಲ್ವಾ?" ಎಂದರು ಗುಣಪಾಲ.

"ಹೌದ್ರಿ. ನಮಗ ಇಲ್ಲಿ ರೇಷನ್ ಕಾರ್ಡ್ ಯಾರ ಕೊಡ್ತಾರ್ರಿ? ಪುಷ್ಪಕ್ಕನ ಕಾರ್ಡ್ ತೋರ್ಸಿ ತಗೊಂಡೀನಿ."

"ಸರಿ. ಕರಿಬಸವ ಎಲ್ಲಿದ್ದಾನೆ ಅಂತ ಹೇಳಿ. ಇಲ್ಲವಾದರೆ ಮೊಬೈಲು ಹಿಡಿದುಕೊಂಡು ಸ್ಟೇಷನಿಗೆ ಬನ್ನಿ."

ವಲೇರಿಯನ್ ಬರೆದುಕೊಟ್ಟ ಚೀಟಿ ಕ್ಯಾಲೆಂಡರಿನ ಹಿಂದಿತ್ತು. ಅದು ಅವಳಿಗೆ ಬಾಯಿಪಾಠ. ಹೆಂಗಸನ್ನು ವಿಚಾರಣೆಗೆಂದು ಠಾಣೆಗೆ ಕರೆಸುವಂತಿಲ್ಲ, ಮನೆಗೇ ಬಂದು ಕೇಳಬೇಕು. ಫೋನು ಬೇಕಾದರೆ ಇಬ್ಬರು ಪಂಚರ ಮುಂದೆ ಮಹಜರು ಬರೆದು ಒಯ್ಯಬೇಕು. ಸುಳ್ಳು ಹೇಳಬೇಡ, ಏನನ್ನೂ ಅಳಿಸಬೇಡ, ವಕೀಲರನ್ನು ಕೇಳಿ ಹೇಳುತ್ತೇನೆ ಅನ್ನು.

"ಠಾಣೆಗೆ ಬರೂದಿಲ್ರಿ. ಫೋನ್ ಬೇಕಂದ್ರ ಮಹಜರು ಬರೀರಿ. ಉಳಿದದ್ದು ವಕೀಲರನ್ನ ಕೇಳಿ ಹೇಳ್ತೀನ್ರಿ."

ಕಂಟ್ರಾಕ್ಟರನ ಜೀಪಿನಲ್ಲಿ ಬಂದವರ ಬಳಿ ಕಾಗದವೂ ಇರಲಿಲ್ಲ, ಪಂಚರೂ ಇರಲಿಲ್ಲ. ಗುಣಪಾಲ ಸಿಟ್ಟಾಗಲಿಲ್ಲ. ಕಾಲು ಚಾಚಿ, ಒಳಗಿದ್ದ ಪುಷ್ಪಾವತಿಗೆ ಒಂದು ಚಾ ಮಾಡಲು ಹೇಳಿದರು. ಸಿಟ್ಟಾಗಿದ್ದರೇ ವಾಸಿಯಿತ್ತು. ಗೋಡೆ ಗಡಿಯಾರದಲ್ಲಿ ಐದು ಐವತ್ತಾಗಿತ್ತು.

ಆರಕ್ಕೆ ಮಿಸ್ಡ್ ಕಾಲ್‌ಗಳು ಶುರುವಾಗುತ್ತವೆ. ಒಂದೊಂದು ಕಟ್ಟಡದಿಂದ ಒಬ್ಬೊಬ್ಬ ಒಂದು ರಿಂಗು ಕೊಟ್ಟು ಕತ್ತರಿಸಿದರೆ, ಇಲ್ಲಿ ಎಲ್ಲ ಕ್ಷೇಮ ಎಂದರ್ಥ. ದುಡ್ಡಿನ ಖರ್ಚಿಲ್ಲದ ಸಂಘ ಅದು. ಕರಿಬಸವ ಕಾಯಿನ್ ಬಾಕ್ಸಿನಿಂದ ರಿಂಗು ಕೊಡುತ್ತಿದ್ದ, ಎತ್ತದಿದ್ದರೆ ರೂಪಾಯಿ ವಾಪಸು ಬೀಳುತ್ತದಲ್ಲ! ಆದರೆ ಪರದೆಯ ಮೇಲೆ 08258 ಎಂದು ಮೂಡುತ್ತದೆ, ಅದು ಕಾರ್ಕಳದ್ದೆಂದು ಈ ಕಡೆಯ ಯಾರಿಗೆ ಗೊತ್ತಿಲ್ಲ? ಫೋನು ಇಬ್ಬರ ನಡುವಿನ ಸ್ಟೂಲಿನ ಮೇಲೆ ಮುಖ ಮೇಲೆ ಮಾಡಿಕೊಂಡು ಬಿದ್ದಿತ್ತು.

ಐದು ಐವತ್ತೆಂಟಕ್ಕೆ ನಾಗವೇಣಿ ಅದನ್ನೆತ್ತಿ ಗುಂಡಿ ಒತ್ತಿ ಹಿಡಿದಳು. ಬೆಳಕು ಆರಿತು.

"ಎಂತಕ್ಕೆ ಆಫ್ ಮಾಡಿದ್ದು?"

"ನನ್ನ ಫೋನ್ ರೀ. ನಾನ ಬಂದ್ ಮಾಡೀನಿ."

ಗುಣಪಾಲ ಅವಳನ್ನೇ ನೋಡಿದರು. ಚಾ ಕುಡಿದರು. ಕೇಳಿದ್ದನ್ನೇ ಹತ್ತು ಸಲ ಕೇಳಿದರು, ಅವಳು ಹೇಳಿದ್ದನ್ನೇ ಹತ್ತು ಸಲ ಹೇಳಿದಳು. ಬೆವರಿಗೆ ರವಿಕೆ ಬೆನ್ನಿಗಂಟಿತ್ತು. ಏಳು ಗಂಟೆಗೆ, "ಸೋಮವಾರ ನೋಟಿಸು ಹಿಡಿದುಕೊಂಡೇ ಬರ್ತೇನೆ" ಎಂದು ಎದ್ದು ಹೋದರು.

"ಭಾರೀ ಧೈರ್ಯ ಮಾರಾಯ್ತಿ ನಿನಗೆ!" ಪುಷ್ಪಾವತಿ ಒಳಗಿನಿಂದ ಬಂದಳು. "ಎಂತ, ಹೆದರಿಕೆ ಆಗಲಿಲ್ವಾ?"

ನಾಗವೇಣಿಗೆ ಜಂಬವೇ ಆಯಿತು. ನಗುತ್ತಾ ಫೋನಿನತ್ತ ಕೈಚಾಚಿದಳು. ನಗು ಅಲ್ಲೇ ನಿಂತಿತು.

ಹೋದ ವರ್ಷ ಸಂಘದ ಮಾನಪ್ಪನನ್ನು ಪೊಲೀಸರು ಹಿಡಿದೊಯ್ದಾಗ ಎರಡು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಆಮೇಲೆ ಇದೇ ನಾಗವೇಣಿ ಮಣ್ಣಿನ ರಾಶಿಯ ಮೇಲೆ ನಿಂತು ಅಪ್ಪಣೆ ಕೊಡಿಸಿದ್ದಳು: "ನನ್ನ ಫೋನ್ ಸ್ವಿಚ್ ಆಫ್ ಅಂತ ಬಂದ್ರ ನನ್ನ ಹಿಡದಾರ ಅಂತ ತಿಳ್ಕೊಳ್ರಿ. ಎಲ್ಲಾರೂ ಸೀದಾ ಠಾಣೆಗೆ ಬರ್ರಿ." ಎಲ್ಲರ ಬಾಯಲ್ಲೂ ಹೇಳಿಸಿದ್ದಳು. ಅಂದಿನಿಂದ ಅವಳು ಮೀಯುವಾಗಲೂ ಫೋನು ಕಿಟಕಿಯ ಮೇಲೆ ಉರಿಯುತ್ತಿತ್ತು. ತಾನೇ ಕಟ್ಟಿದ ಕಟ್ಟಳೆ, ಬೇಕಾದ ಹೊತ್ತಿಗೆ ತನಗೇ ಮರೆತುಹೋಗಿತ್ತು.

ಫೋನು ಆನ್ ಮಾಡಿ, ನಿನ್ನೆಯ 08258ಕ್ಕೆ ಕರೆ ಮಾಡಿದಳು. ಕಾಯಿನ್ ಬಾಕ್ಸಿದ್ದ ಅಂಗಡಿಯ ಅಲೋಶಿಯಸ್ ಎತ್ತಿದ.

"ಕೋರೆಯವನಾ? ಮೂರು ಸಲ ಮಾಡಿದ, ಸ್ವಿಚ್ ಆಫ್ ಬಂತು. ಅಕ್ಕನನ್ನು ಹಿಡಿದಿದ್ದಾರೆ ಅಂತ ಉಡುಪಿಗೆ ಹೋಗುವ ಜಲ್ಲಿ ಲಾರಿ ಹತ್ತಿದ. ಆಗಲೇ ಒಂದು ಗಂಟೆಯಾಯ್ತಲ್ಲ."

ಪುಷ್ಪಾವತಿಯೇ ಆಟೋ ನಿಲ್ಲಿಸಿದಳು. ದಾರಿಯಲ್ಲಿ ನಾಗವೇಣಿ ವಲೇರಿಯನ್‌ಗೆ ಫೋನು ಹಚ್ಚಿದಳು. "ನಾನು ಶಿರ್ವದಿಂದ ಹೊರಟೆ, ಮುಕ್ಕಾಲು ಗಂಟೆ ಬೇಕು. ಅಲ್ಲಿಯವರೆಗೆ ಅವನನ್ನು ಯಾರ ಜೊತೆಗೂ ಕಳಿಸಬೇಡಿ" ಎಂದರು ಅವರು.

ಠಾಣೆಯ ಅಂಗಳದಲ್ಲಿ ಸಂಘದ ಇಪ್ಪತ್ತು ಮಂದಿ ಕೂತಿದ್ದರು. ಕಾಲಲ್ಲಿ ಇನ್ನೂ ಸಿಮೆಂಟು, ಪಕ್ಕದಲ್ಲಿ ಬುತ್ತಿ ಡಬ್ಬಿ. ಗೇಟಿನ ಬಳಿ ಬಿಳಿ ಜೀಪು ನಿಂತಿತ್ತು. ಒಳಗೆ ಬೆಂಚಿನ ಮೇಲೆ ಕರಿಬಸವ, ಎದುರಿಗೆ ಪೆನ್ನು ಹಿಡಿದ ಗುಣಪಾಲ. ಹೆಸರು, ತಂದೆಯ ಹೆಸರು, ಕೋರೆಯ ವಿಳಾಸ ಎಲ್ಲ ಬರೆದಾಗಿತ್ತು.

"ನೀವು ಹೇಳದಿದ್ದರೂ ಅಡ್ಡಿ ಇಲ್ಲ ಅಮ್ಮ" ಎಂದರು ಗುಣಪಾಲ.

ಕರಿಬಸವ ಎದ್ದು ನಿಂತ. ಅವನ ಮುಖ ಅರಳಿತ್ತು. "ಅಕ್ಕಾ, ನಿನ್ನ ಬಿಟ್ರೇನು? ನೀ ಹೇಳಿದ್ದಿ ಅಲ್ಲ, ಫೋನ್ ಬಂದ್ ಇದ್ರ ಬರ್ರಿ ಅಂತ. ಯಾರೂ ತಪ್ಪಿಸಿಲ್ಲ ನೋಡು."

ನಾಗವೇಣಿಗೆ ಅಳು ಒತ್ತರಿಸಿ ಬಂತು. ಹೊರಗೆ ಜೀಪಿನ ಇಂಜಿನು ಶುರುವಾಯಿತು.

"ಇನ್ನು ನೀವು ಹೊರಡಿ" ಎಂದರು ಗುಣಪಾಲ.

ಹೆಂಗಸು ಠಾಣೆಗೆ ಬರಬೇಕಾಗಿಲ್ಲ ಎಂದು ಚೀಟಿಯಲ್ಲಿತ್ತು. ಬಂದವಳು ಯಾವಾಗ ಹೋಗಬೇಕೆಂದು ವಲೇರಿಯನ್ ಬರೆದಿರಲಿಲ್ಲ. ಅವಳು ಕರಿಬಸವನ ಪಕ್ಕ ಬೆಂಚಿನ ಮೇಲೆ ಕೂತು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಪುಷ್ಪಾವತಿ ಇನ್ನೊಂದು ಪಕ್ಕದಲ್ಲಿ ಕೂತಳು. ಗಡಿಯಾರದಲ್ಲಿ ಏಳು ನಲವತ್ತಾಗಿತ್ತು, ವಲೇರಿಯನ್ ಬರಲು ಇನ್ನೂ ಕಾಲು ಗಂಟೆ ಬೇಕಿತ್ತು.