ಮಂಡಕ್ಕಿಯ ಮರಿಗೆ ಕಪ್ಪು ಪಟ್ಟೆ

1

ಬೆಳಿಗ್ಗೆ 6.40. ವಿದ್ಯಾನಗರದ ಮನೆಯೊಂದರಲ್ಲಿ ಮೊಟ್ಟೆ ಒಡೆದು ಮರಿ ಹೊರಬಂತು. ಮರಿಯ ಮೈಮೇಲೆ ಕಪ್ಪು ಪಟ್ಟೆಗಳಿದ್ದವು.

ಕಥೆಯನ್ನು ಹೀಗೆ ಆರಂಭಿಸಬಹುದೇ? ಇಪ್ಪತ್ತೆರಡು ವರ್ಷ ಪತ್ರಿಕೆಯ ಜಿಲ್ಲಾ ಪುಟ ತಿದ್ದಿದ ನನಗೆ ಬೇರೆ ರೀತಿ ಬರುವುದಿಲ್ಲ. ಯಾವಾಗ, ಎಲ್ಲಿ, ಏನು. ‘ಯಾಕೆ’ ಎಂಬುದಕ್ಕೆ ಪುಟದಲ್ಲಿ ಸಾಮಾನ್ಯವಾಗಿ ಜಾಗ ಉಳಿಯುತ್ತಿರಲಿಲ್ಲ. ಇಲ್ಲಿನ ಗಲಾಟೆಯೆಲ್ಲ ‘ಯಾಕೆ’ಯದ್ದೇ.

(ಮೊದಲ ಕರಡು ‘ಬಾತಿ ಗುಡ್ಡದ ಮೇಲೆ ಹೊಂಬಿಸಿಲು ಚೆಲ್ಲಿತ್ತು’ ಎಂದು ಶುರುವಾಗಿತ್ತು. ಆ ಮನೆಯ ಕಿಟಕಿಯಿಂದ ಕಾಣುವುದು ಹಾಸ್ಟೆಲಿನ ಗೋಡೆ. ಹೊಡೆದುಹಾಕಿದೆ.)

2

ಹಿನ್ನೆಲೆ. ಲೆಪರ್ಡ್ ಗೆಕ್ಕೊ ಎಂಬುದು ಗೇಣುದ್ದದ ಸಾಕುಹಲ್ಲಿ. ಕಣ್ಣಿಗೆ ರೆಪ್ಪೆ ಇದೆ. ಗೋಡೆ ಹತ್ತಲು ಬಾರದು. ಹಳದಿ ಮೈ, ಕಪ್ಪು ಚುಕ್ಕೆ ಅದರ ಮೂಲ ರೂಪ. ಮರಿಯಾಗಿದ್ದಾಗ ಚುಕ್ಕೆಯ ಬದಲು ಪಟ್ಟೆ ಇರುತ್ತದೆ. ಸಾಕುವವರು ಆರಿಸಿ ಆರಿಸಿ ಕೂಡಿಸಿ ಹತ್ತಾರು ಬಣ್ಣದ ನಮೂನೆಗಳನ್ನು ಉಳಿಸಿಕೊಂಡಿದ್ದಾರೆ. ಅವಕ್ಕೆ ಮಾರ್ಫ್ ಎನ್ನುತ್ತಾರೆ. ಕಪ್ಪೇ ಇಲ್ಲದ ಮಾರ್ಫ್ ಆಲ್ಬಿನೋ.

ಆ ಮನೆಯ ಮಗಳು, ಕಾಲೇಜೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುವ ಸ್ವಾತಿಯ ಬಳಿ ಇಂಥವು ಎರಡಿವೆ. ಹೆಣ್ಣು ಮಂಡಕ್ಕಿ, ಗಂಡು ಕೇಸರಿ. ಎರಡನ್ನೂ ಕೊಟ್ಟವನು ಹರಿಹರದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಅಕೀಬ್. ಕೇಸರಿಯ ಡಬ್ಬಿಗೆ ಅವನೇ ಚೀಟಿ ಅಂಟಿಸಿದ್ದ: ‘ಆಲ್ಬಿನೋ. ಪಕ್ಕಾ.’ ಮಂಡಕ್ಕಿಯೂ ಆಲ್ಬಿನೋ. ಸ್ವಾತಿ ಇಬ್ಬರನ್ನೂ ಕೂಡಿಸಿದಳು. ಎರಡು ಮೊಟ್ಟೆ, ಥರ್ಮೋಕೋಲ್ ಪೆಟ್ಟಿಗೆ, ಐವತ್ತೆರಡು ದಿನ.

ಇಬ್ಬರಲ್ಲೂ ಕಪ್ಪಿಲ್ಲದಿದ್ದರೆ ಮರಿಗೆ ಕಪ್ಪೆಲ್ಲಿಂದ? ಹೆಣ್ಣು ಗೆಕ್ಕೊ ಒಮ್ಮೆ ಕೂಡಿದ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳಬಲ್ಲದು. ಇದು ನಿಜ. ಸ್ವಾತಿ ಈ ಒಂದು ನಿಜವನ್ನು ಹಿಡಿದು, ಏಳು ಗಂಟೆಗೆ, ಗೆಕ್ಕೊ ಸಾಕುವ ನಲವತ್ತು ಜನರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದಳು: ‘ಅಕೀಬ್ ಭಾಯ್ ಮಂಡಕ್ಕಿಯನ್ನು ಬೇರೆ ಗಂಡಿನ ಜೊತೆ ಬಿಟ್ಟು, ಮುಚ್ಚಿಟ್ಟು ನನಗೆ ಕೊಟ್ಟಿದ್ದಾರೆ.’

ಅಕೀಬ್‌ನ ಅಂಗಡಿ ನಡೆಯುವುದು ಅವನ ಮಾತಿನ ಮೇಲೆ. ಆ ನಲವತ್ತರಲ್ಲಿ ಮೂವತ್ತು ಜನ ಅವನ ಗಿರಾಕಿಗಳು.

3

7.10ಕ್ಕೆ ಅವನ ಫೋನು.

“ಮೇಡಂ, ನನ್ನ ಅಂಗಡ್ಯಾಗ ಒಂದು ಡಬ್ಬಿಗೆ ಒಂದೇ ಹಲ್ಲಿ. ನೀವೇ ನೋಡೀರಿ.”

“ಮತ್ತೆ ಪಟ್ಟೆ ಎಲ್ಲಿಂದ ಬಂತು, ಅಕೀಬ್ ಭಾಯ್?”

“ನಂಗೇನ್ ಗೊತ್ರೀ? ನನ್ನ ಒಂದ್ ಮಾತು ಕೇಳಿ ಆಮ್ಯಾಲೆ ನಲವತ್ತು ಮಂದಿಗೆ ಹೇಳಬೌದಿತ್ತಲ್ಲ.”

ಫೋನು ಕಟ್ಟಾಯಿತು. ಅಡುಗೆಮನೆಯಿಂದ ಸ್ವಾತಿಯ ತಾಯಿ ಕಮಲಕ್ಕ ಇಣುಕಿದರು. “ನಮ್ಮ ಗ್ವಾಡಿ ಹಲ್ಲಿ ಆಗಿದ್ರೆ ಲೊಚ್ ಅಂತ ಸಾಕ್ಷಿನಾದ್ರೂ ಹೇಳ್ತಿತ್ತು. ಇದು ಸುಮ್ನೆ ಕಣ್ಣು ಮಿಟುಕಿಸ್ತೈತೆ.”

4

ಇಲ್ಲಿ ಸ್ವಾತಿ ಅಳಬೇಕೆಂದು ಬರೆದಿದ್ದೆ. ಅವಳು ಒಪ್ಪಲಿಲ್ಲ.

“ನಾನ್ಯಾಕ ಅಳ್ಲಿ ಸಾರ್? ನಂಗೆ ಸಿಟ್ಟು ಬಂದೈತೆ.”

ಸರಿ. ಅಳು ರದ್ದು. (ಎರಡು ಒಳ್ಳೆಯ ವಾಕ್ಯಗಳು ಹೋದವು. ಒಳ್ಳೆಯವೆಂದು ನನಗೊಬ್ಬನಿಗೇ ಅನಿಸಿತ್ತು.)

5

ಸ್ವಾತಿಯ ತಂದೆ ಏಕಾಂತಪ್ಪ ಮಾಯಕೊಂಡದ ಕಡೆಯವರು. ನೆಂಟರಿಷ್ಟರಲ್ಲಿ ಯಾರ ಮದುವೆ ಕುದುರಿಸಬೇಕಾದರೂ ಅವರನ್ನೇ ಕರೆಯುತ್ತಾರೆ. ಅವರು ಮೊದಲು ಕೇಳುವುದು ಬೆಡಗು, ಅಂದರೆ ಮನೆತನದ ಮೂಲ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ. ಮಾತು ಅಲ್ಲಿಗೇ ನಿಲ್ಲುತ್ತದೆ.

ಚಾ ಕುಡಿಯುತ್ತಾ ಕೇಳಿದರು: “ಇವೆರಡರ ಬೆಡಗು ವಿಚಾರಿಸಿದ್ದೇನವ್ವಾ?”

“ಅಪ್ಪಾಜಿ, ಹಲ್ಲಿಗೆಲ್ಲಿ ಬೆಡಗು? ಎರಡೂ ಆಲ್ಬಿನೋ.”

“ಅದು ಊರು ಹೇಳಿದಂಗಾತು. ಮಾಯಕೊಂಡದೋರು ಅಂದ್ರೆ ಎಲ್ಲಾರೂ ಒಂದೇ ಮನೆಯೋರಾ?”

ಸ್ವಾತಿ ಮರಿಯನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಎಲ್ಲೋ ಓದಿ ಮರೆತದ್ದು ನೆನಪಾಯಿತು. ಆಲ್ಬಿನೋ ಒಂದಲ್ಲ, ಮೂರು: ಟ್ರೆಂಪರ್, ಬೆಲ್, ರೇನ್‌ವಾಟರ್. ನೋಡಿ ಗುರುತಿಸುತ್ತೇನೆಂದು ಹೊರಟವರು ಮೋಸ ಹೋಗುವಷ್ಟು ಹೋಲಿಕೆ. ಒಳಗಿನ ಕಾರಣ ಮೂರರಲ್ಲೂ ಬೇರೆ. ಬೇರೆ ಬೇರೆ ಎರಡು ಕೂಡಿದರೆ, ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ಮರಿ ಕಪ್ಪು ಪಟ್ಟೆಯೊಂದಿಗೇ ಹುಟ್ಟುತ್ತದೆ.

“ಅಪ್ಪಾಜಿ, ಆಲ್ಬಿನೋ ಮರಿ ಬೇಕಂದ್ರೆ ಎರಡೂ ಒಂದೇ ಬೆಡಗು ಆಗಿರ್ಬೇಕು.”

ಏಕಾಂತಪ್ಪ ಲೋಟ ಕೆಳಗಿಟ್ಟರು. “ಒಂದೇ ಬೆಡಗಿನಾಗೆ ಸಂಬಂಧಾನಾ? ಎಂಥಾ ಮಂದಿನವ್ವಾ ಇವ್ರು!”

ಅಕೀಬ್‌ನ ಅಂಗಡಿಗೆ ಮಂಡಕ್ಕಿ ಮೈಸೂರಿನಿಂದ ಬಂದವಳು, ಕೇಸರಿ ಹುಬ್ಬಳ್ಳಿಯವನು. ಮೂಲ ಯಾವುದೆಂದು ಅಕೀಬ್ ಕೇಳಿರಲಿಲ್ಲ. ಸ್ವಾತಿಯೂ ಕೇಳಿರಲಿಲ್ಲ.

(ಓದುಗರೇ, ಅವಸರ ಬೇಡ. ಇದೂ ಊಹೆಯೇ. ಪೆಟ್ಟಿಗೆಯಲ್ಲಿ ಇನ್ನೊಂದು ಮೊಟ್ಟೆ ಇದೆ. ಅದರಿಂದ ಕಪ್ಪಿಲ್ಲದ ಮರಿ ಬಂದರೆ ಇಬ್ಬರದೂ ಒಂದೇ ಬೆಡಗು. ಮೊದಲ ಮರಿಯ ಅಪ್ಪ ಬೇರೆ ಯಾರೋ, ಸ್ವಾತಿಯ ಅನುಮಾನಕ್ಕೆ ಆಧಾರ ಸಿಗುತ್ತದೆ. ಪಟ್ಟೆಯದು ಬಂದರೆ ಅಕೀಬ್ ಬಹುತೇಕ ನಿರ್ದೋಷಿ. ಎರಡು ಮರಿಗೂ ಆ ಬೇರೆ ಗಂಡೇ ಅಪ್ಪನಾಗಿರಬಹುದು, ಹಾಗಾಗಿ ‘ಬಹುತೇಕ’ ಎಂಬ ಪದ ತೆಗೆಯುವಂತಿಲ್ಲ.)

6

ಒಂದನೇ ಮುಕ್ತಾಯ: ಸ್ವಾತಿ ಎರಡನೇ ಮೊಟ್ಟೆಗಾಗಿ ಕಾಯುತ್ತಾಳೆ. ಮರಿಯ ಬಣ್ಣ ನೋಡಿ, ಕ್ಷಮೆ ಕೇಳಬೇಕೋ ಬೇಡವೋ ತೀರ್ಮಾನಿಸುತ್ತಾಳೆ. ಸಾಕ್ಷ್ಯ ಮೊದಲು, ತೀರ್ಪು ಆಮೇಲೆ. ನನಗೆ ಇದು ಹಿಡಿಸಿತ್ತು.

“ಬ್ಯಾಡ ಸಾರ್,” ಅಂದಳು. “ಮೊಟ್ಟೆ ನೋಡ್ಕಂಡು ತಪ್ಪು ಒಪ್ಕಳೋದು ಎಂಥಾ ಒಪ್ಪಿಗೆ? ಗೊತ್ತಿಲ್ದೇ ಬರ್ದೆ, ಅದೇ ತಪ್ಪು. ಮರಿ ಯಾವ ಬಣ್ಣದ್ದಾದ್ರೂ ಬರ್ಲಿ.”

ನನ್ನ ಕಾಲದಲ್ಲಿ ತಪ್ಪು ಸುದ್ದಿ ಮುಖಪುಟದಲ್ಲಿ ಬರುತ್ತಿತ್ತು, ತಿದ್ದುಪಡಿ ಒಳಪುಟದ ಮೂಲೆಯಲ್ಲಿ. ಸ್ವಾತಿ ಅದೇ ಗುಂಪಿನಲ್ಲಿ 11.15ಕ್ಕೆ ಬರೆದಳು: ‘ಬೆಳಿಗ್ಗೆ ಅಕೀಬ್ ಭಾಯ್ ಬಗ್ಗೆ ವಿಚಾರಿಸದೆ ಬರೆದೆ. ತಪ್ಪು ನನ್ನದು. ಇವೆರಡು ಬೇರೆ ಬೇರೆ ಆಲ್ಬಿನೋ ಇರಬಹುದು, ಗೊತ್ತಿಲ್ಲ. ಮೂಲ ಗೊತ್ತಿಲ್ಲದೆ ಕೂಡಿಸಿದವಳೂ ನಾನೇ. ಇನ್ನು ಕೂಡಿಸುವುದಿಲ್ಲ. ಪಟ್ಟೆ ಮರಿ ನನ್ನ ಹತ್ತಿರವೇ ಇರುತ್ತದೆ.’

ಅಕೀಬ್ ಓದಿದ.

ಎರಡನೇ ಮುಕ್ತಾಯ: ಅಕೀಬ್ ಆ ಗುಂಪನ್ನೂ ಸ್ವಾತಿಯ ಸ್ನೇಹವನ್ನೂ ಬಿಟ್ಟ. (ಘನವಾಗಿದೆ, ಅಲ್ಲವೇ? ಬರೆದು ಮುಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.)

ಅಷ್ಟರಲ್ಲಿ ಸಂಜೆ ನಾಲ್ಕಕ್ಕೆ ಸ್ವಾತಿಯ ಮನೆ ಬಾಗಿಲಲ್ಲಿ ಅಕೀಬ್. ಮೊದಲ ತಗಾದೆ ನನ್ನ ಮೇಲೆ.

“ನನ್ನ ಕೇಳ್ದೇನೇ ನಂಗೆ ಸಿಟ್ಟು ಬರ್ಸೀರಲ್ರೀ ಸಾರ್? ಹದಿನಾಲ್ಕು ಕಿಲೋಮೀಟರ್ ಐತೆ. ಬಸ್ ಹತ್ತಿ ಬಂದೆ. ಎರಡನೇ ಮೊಟ್ಟಿ ಹೆಂಗೈತೆ?”

“ಬರ್ರಿ, ಕೂಡ್ರಿ,” ಅಂದರು ಏಕಾಂತಪ್ಪ. “ಹೆಣ್ಣು ಮೈಸೂರು, ಗಂಡು ಹುಬ್ಬಳ್ಳಿ. ಸಂಬಂಧ ಕುದುರ್ಸೋರು ಮೂಲ ವಿಚಾರಿಸ್ಬಾರ್ದೇನ್ರಿ?”

“ಫೋಟೋ ನೋಡಿ ಒಪ್ಕಂಡ್ಬಿಟ್ಟೆ ಯಜಮಾನ್ರೇ.”

ಮೊದಲು ನಕ್ಕವರು ಕಮಲಕ್ಕ. ಸ್ವಾತಿ ಎದ್ದು ನಿಂತಿದ್ದಳು. “ಅಕೀಬ್ ಭಾಯ್, ಬೆಳಿಗ್ಗೆ…”

“ಗುಂಪಿನಾಗೆ ಓದಿನಿ ಮೇಡಂ. ಎರಡೆರಡು ಸಲ ಬ್ಯಾಡ. ಮೊಟ್ಟಿ ತೋರ್ಸ್ರಿ.”

7

ಮರಿಯ ಬಣ್ಣ ಯಾವುದೆಂದು ಕೇಳುತ್ತೀರಿ. 4.30ಕ್ಕೆ ಮೊಟ್ಟೆಯಲ್ಲಿ ಒಂದು ಸೀಳು ಬಿದ್ದಿತ್ತು. ಮೂತಿಯ ತುದಿ ಕಾಣುತ್ತಿತ್ತು. ಅಷ್ಟನ್ನು ನೋಡಿ ಬಣ್ಣ ಬರೆಯಲಾರೆ. ಮರಿ ಹೊರಬರಲು ಇಡೀ ರಾತ್ರಿ ಹಿಡಿಯಬಹುದು, ನನ್ನ ಪುಟ ಅಷ್ಟು ಹೊತ್ತು ಕಾಯುವುದಿಲ್ಲ. ಸ್ವಾತಿಗಾಗಲಿ ಅಕೀಬ್‌ಗಾಗಲಿ ಈಗ ಅದರಿಂದ ಆಗಬೇಕಾದದ್ದೂ ಇಲ್ಲ. ನಿಮಗೆ ಆಗಬೇಕಿದ್ದರೆ ಬಣ್ಣ ನೀವೇ ಬಳಿದುಕೊಳ್ಳಿ. ‘ಬಹುತೇಕ’ ಎಂದು ಸೇರಿಸಲು ಮರೆಯಬೇಡಿ.

4.50ಕ್ಕೆ ಅಕೀಬ್ ಕೇಸರಿಯ ಡಬ್ಬಿಯ ಮೇಲಿನ ಚೀಟಿ ಕಿತ್ತ. ಪೆನ್ನು ಕೇಳಿದ. ಏಕಾಂತಪ್ಪ ಜೇಬಿನಿಂದ ತೆಗೆದುಕೊಟ್ಟರು. ಹೊಸ ಚೀಟಿಯಲ್ಲಿ ಅವನು ‘ಆಲ್ಬಿನೋ. ಯಾವುದೋ ಗೊತ್ತಿಲ್ಲ’ ಎಂದು ಬರೆದು ಅಂಟಿಸಿದ. ಮಂಡಕ್ಕಿಯ ಡಬ್ಬಿಗೂ ಅಂಥದ್ದೇ ಒಂದು ಅಂಟಿಸಿದ.